ಚಿಕ್ಕ ಮೀನಿಗೆ ಯಾವ ಗಿಡ? ಮೊದಲು ಮನೆಯ ನೀರು ನೋಡಿ

ನೀರುಗಂಟಿ:

ಇಲ್ಲಿ ಪದೇ ಪದೇ ಒಂದೇ ಪ್ರಶ್ನೆ ಬರುತ್ತಿದೆ. "ಎರಡಡಿ ಮೀನಿನ ಟ್ಯಾಂಕ್ ಇದೆ, ನಿಯಾನ್ ಟೆಟ್ರಾ ಬಿಡಬೇಕು, ಯಾವ ಗಿಡ ಹಾಕಲಿ?" ಜೊತೆಗೆ ಒಂದು ಫೋಟೊ. ನೆಲದ ತುಂಬ ಹಸಿರು ಹಾಸು, ಹಿಂದೆ ಕೆಂಪು ಗಿಡ, ನಡುವೆ ಮೀನಿನ ಗುಂಪು. ಮನೆಗೆ ಯಾವ ನೀರು ಬರುತ್ತದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ.

ಗಿಡವನ್ನೂ ಮೀನನ್ನೂ ಒಂದಕ್ಕೊಂದು ಹೊಂದಿಸುವುದು ಆಮೇಲಿನ ಮಾತು. ಮೊದಲು ಎರಡೂ ನಿಮ್ಮ ನಲ್ಲಿ ನೀರಿಗೆ ಹೊಂದಬೇಕು. ನೀರನ್ನೇ ಬದಲಾಯಿಸುತ್ತೇನೆ ಅಂದರೆ ಆಗಬಹುದು. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅದೇ ಹದ ತರಬೇಕು. ಒಂದು ವಾರ ಕಾವೇರಿ, ಮುಂದಿನ ವಾರ ಟ್ಯಾಂಕರ್ ಬೋರ್‌ವೆಲ್ ಅಂತ ಆದರೆ ಚಿಕ್ಕ ಮೀನು ತಡೆದುಕೊಳ್ಳುವುದಿಲ್ಲ. ಗಿಡವೂ ಅಷ್ಟೇ. ಕ್ರಿಪ್ಟೊಕೊರೈನ್ ಆದರೆ ಒಂದೇ ವಾರದಲ್ಲಿ ಎಲ್ಲ ಎಲೆ ಕರಗಿಸಿಬಿಡುತ್ತದೆ.

ಗಡಸು ನೀರು, ಅಂದರೆ ಸುಣ್ಣದಂಶ ಹೆಚ್ಚಿರುವ ನೀರು, ಅಂದಾಕ್ಷಣ ಬೇಜಾರಾಗಬೇಡಿ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಡ್ರಿಲ್ಲಾ ಗಿಡಗಳಿಗೆ ಒಂದು ಶಕ್ತಿ ಇದೆ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಸಾಲದೆ ಹೋದರೆ ಬೈಕಾರ್ಬೊನೇಟ್‌ನಿಂದ ಇಂಗಾಲ ತೆಗೆದುಕೊಳ್ಳುತ್ತವೆ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್‌ಗೆ ಬರವೇ ಇಲ್ಲ. ನಿಮ್ಮ ಟ್ಯಾಂಕಿನಲ್ಲೇ ನೋಡಬಹುದು. ಸಂಜೆ ಹೊತ್ತಿಗೆ ವ್ಯಾಲಿಸ್ನೇರಿಯಾ ಎಲೆಯ ಮೇಲೆ ಬೆರಳಾಡಿಸಿ, ಸಣ್ಣ ಸುಣ್ಣದ ಪುಡಿ ಕೈಗೆ ತರಿತರಿಯಾಗಿ ಸಿಗುತ್ತದೆ. ಗಿಡ ಬೈಕಾರ್ಬೊನೇಟ್ ಬಳಸಿಕೊಂಡಾಗ ಸುಣ್ಣ ಎಲೆಯ ಮೇಲೇ ಕೂರುತ್ತದೆ. ಅದು ರೋಗ ಅಲ್ಲ. ಅದೇ ನೀರಿನಲ್ಲಿ ಕಬೊಂಬಾ ಹಾಕಿದರೆ ಸೊರಗುತ್ತದೆ, ಏಕೆಂದರೆ ಅದಕ್ಕೆ ಈ ಶಕ್ತಿ ಇಲ್ಲ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದ ಬಕೆಟ್‌ನಲ್ಲಿ ಇರುತ್ತವೆ. ಯಾವ ನೀರಿಗೆ ಯಾವುದು ಅಂತ ನಾವೇ ತಿಳಿದುಕೊಂಡು ಹೋಗಬೇಕು.

ನೀರು ಗೊತ್ತಾಯಿತು ಅಂದಮೇಲೆ ಮೀನಿನ ನಡವಳಿಕೆ ನೋಡಿ. ಎಲ್ಲಿ ಈಜುತ್ತದೆ, ಹೆದರಿದಾಗ ಎಲ್ಲಿಗೆ ಓಡುತ್ತದೆ, ಮೊಟ್ಟೆ ಎಲ್ಲಿಡುತ್ತದೆ. ಈ ಮೂರು ಗೊತ್ತಿದ್ದರೆ ಗಿಡ ತಾನಾಗಿಯೇ ಹೊಳೆಯುತ್ತದೆ. ನನಗೆ ತುಂಬ ಇಷ್ಟವಾದ ಜೋಡಿ ಹಾರ್ಲೆಕ್ವಿನ್ ರಾಸ್ಬೋರಾ ಮತ್ತು ಕ್ರಿಪ್ಟೊಕೊರೈನ್. ಈ ಮೀನು ಮೊಟ್ಟೆಯನ್ನು ಅಗಲ ಎಲೆಯ ಅಡಿಭಾಗಕ್ಕೆ ಅಂಟಿಸುತ್ತದೆ. ಹೆಣ್ಣು ತಲೆಕೆಳಗಾಗಿ ಎಲೆಯ ಅಡಿಗೆ ಹೊಟ್ಟೆ ಉಜ್ಜುತ್ತದೆ, ಗಂಡು ಪಕ್ಕದಲ್ಲೇ ಬಾಗಿಕೊಂಡು ನಿಲ್ಲುತ್ತದೆ. ಅದು ಕಾಣಬೇಕಾದರೆ ಎಲೆ ಗಟ್ಟಿಯಾಗಿರಬೇಕು, ಮೆದು ನೀರಿರಬೇಕು. ಬರಿ ಸಣ್ಣ ಎಲೆಯ ರೊಟಾಲಾ ತುಂಬಿದ ಟ್ಯಾಂಕಿನಲ್ಲಿ ರಾಸ್ಬೋರಾ ಬದುಕುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಈ ನೋಟ ಸಿಗುವುದು ಕಷ್ಟ.

ನಿಮ್ಮ ಊರು, ನೀರಿನ ಮೂಲ, ಟ್ಯಾಂಕ್ ಅಳತೆ ಹಾಕಿ. ಮಾತಾಡೋಣ.

ಹತ್ತನೇ ಮಹಡಿ:

ವೈಟ್‌ಫೀಲ್ಡ್, ಅಪಾರ್ಟ್‌ಮೆಂಟ್. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಸಾಫ್ಟ್‌ನರ್ ಆಗಿ ಬರುತ್ತದೆ. ಎರಡಡಿ ಟ್ಯಾಂಕ್. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) ಮೀಟರ್ 640 ತೋರಿಸುತ್ತಿದೆ. ಸಾಫ್ಟ್ ನೀರು ಅಂತ ಧೈರ್ಯದಿಂದ ನಿಯಾನ್ ಟೆಟ್ರಾ ತಂದೆವು, ಒಂದೊಂದಾಗಿ ಹೋಗುತ್ತಿವೆ. ಅಮೆಜಾನ್ ಸ್ವೋರ್ಡ್‌ನ ಹೊಸ ಎಲೆ ಸೊಟ್ಟಗೆ ಬರುತ್ತಿದೆ, ಹಳದಿ ಕೂಡ. ಮಗಳಿಗೆ ತುಂಬ ಬೇಜಾರಾಗಿದೆ. ಸಾಫ್ಟ್ ನೀರಿನಲ್ಲಿ ಟಿಡಿಎಸ್ ಇಷ್ಟು ಜಾಸ್ತಿ ಹೇಗೆ ಸಾರ್?

ನೀರುಗಂಟಿ:

ಮೇಡಂ, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ತೊಡಕು. ಒಳ್ಳೆಯದಾಯಿತು ಕೇಳಿದ್ದು.

ಸಾಫ್ಟ್‌ನರ್ ನೀರಿನಿಂದ ಉಪ್ಪಿನ ಅಂಶ ತೆಗೆದುಹಾಕುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲು ಸೋಡಿಯಂ ಬಿಡುತ್ತದೆ. ಒಂದು ಹೋಯಿತು, ಇನ್ನೊಂದು ಬಂತು. ಅದಕ್ಕೇ ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಸೋಪಿನ ನೊರೆ ಚೆನ್ನಾಗಿ ಬರುತ್ತಿದೆ, ಆದರೂ ಮೀಟರ್ 600 ದಾಟಿದೆ ಅಂದರೆ ಅದು ಸಾಫ್ಟ್‌ನರ್ ನೀರು ಅಂತಲೇ ಲೆಕ್ಕ. ಗೀಸರ್‌ಗೆ, ಬಟ್ಟೆ ಒಗೆಯಲಿಕ್ಕೆ ಒಳ್ಳೆಯದು. ಗಿಡಕ್ಕೆ ಮಾತ್ರ ತೊಂದರೆ. ಹೊಸ ಎಲೆ ಸೊಟ್ಟಗೆ ಬರುವುದು ಕ್ಯಾಲ್ಸಿಯಂ ಕೊರತೆಗೆ ಹೊಂದುತ್ತದೆ. ಸ್ವೋರ್ಡ್ ಬೇರಿನಿಂದ ಜಾಸ್ತಿ ಉಣ್ಣುವ ಗಿಡ. ಹಾಗಾಗಿ ಬುಡದಲ್ಲಿ ಗೊಬ್ಬರದ ಗುಳಿಗೆ ಇಲ್ಲದಿದ್ದರೂ ಹಳದಿಯಾಗುತ್ತದೆ.

ಇನ್ನೊಂದು ವಿಷಯ. ಸಾಫ್ಟ್‌ನರ್ ಬೈಕಾರ್ಬೊನೇಟ್ ಮುಟ್ಟುವುದಿಲ್ಲ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) 8ರ ಆಸುಪಾಸಿನಲ್ಲೇ ಉಳಿಯುತ್ತದೆ. ಪಿಎಚ್ ಏರಿದಷ್ಟೂ ಮೀನಿನ ಗಲೀಜಿನ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಹೊಸ ಟ್ಯಾಂಕ್, ಹೆಚ್ಚು ಪಿಎಚ್, ನಿಯಾನ್. ಈ ಮೂರು ಸೇರಿದರೆ ಮೀನು ಉಳಿಸುವುದು ಕಷ್ಟ.

ದಾರಿ ಇದೆ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರು ಎಲ್ಲಿ ಸಿಗುತ್ತದೆ ಅಂತ ಮೇಂಟೆನೆನ್ಸ್‌ನವರನ್ನು ಕೇಳಿ. ಎಷ್ಟೋ ಕಡೆ ತೋಟದ ನಲ್ಲಿಗೆ ಅದೇ ನೀರು ಬಿಟ್ಟಿರುತ್ತಾರೆ. ಆ ನೀರು ಅರ್ಧ, ಅಡುಗೆಮನೆಯ ಆರ್‌ಒ ನೀರು ಅರ್ಧ. ಎರಡಡಿ ಟ್ಯಾಂಕಿನಲ್ಲಿ ಮರಳು, ಕಲ್ಲು ಕಳೆದು 45 ಲೀಟರ್ ನೀರು ಇರುತ್ತದೆ ಅಂದುಕೊಳ್ಳಿ. ವಾರಕ್ಕೆ ಕಾಲು ಭಾಗ ಬದಲಿಸಿದರೆ 11-12 ಲೀಟರ್. ಅಂದರೆ ಆರ್‌ಒ ನೀರು 6 ಲೀಟರ್ ಸಾಕು, ಒಂದು ಬಿಂದಿಗೆ ಕೂಡ ಆಗುವುದಿಲ್ಲ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರು ಮಾತ್ರ ಹಾಕಬೇಡಿ. ಅದರಲ್ಲಿ ಎಲ್ಲ ಉಪ್ಪೂ ಗಟ್ಟಿಯಾಗಿ ಸೇರಿರುತ್ತದೆ.

ನಿಯಾನ್ ಬಿಟ್ಟುಬಿಡಿ ಅಂತ ಹೇಳಲು ಮನಸ್ಸಿಲ್ಲ, ಮಗಳ ವಿಷಯ ಹೇಳಿದ್ದೀರಿ. ಆದರೆ ಈಗಲೇ ಹೊಸದಾಗಿ ತರಬೇಡಿ. ನೀರು ಒಂದು ಹದಕ್ಕೆ ಬರಲಿ, ಗಿಡ ಹೊಸ ಎಲೆ ಬಿಡಲಿ, ಆಮೇಲೆ ನೋಡೋಣ.

ರಾಸ್ಬೋರಾ ರಾಯರು:

ನೀರುಗಂಟಿಯವರು ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ. ನೀರು ಬದಲಾಯಿಸುವ ತಾಪತ್ರಯ ಬೇಡ ಅನ್ನುವವರಿಗೆ ಸಾಫ್ಟ್‌ನರ್ ಆಗದ ಬೋರ್‌ವೆಲ್ ನೀರಿನಲ್ಲೇ ಚಂದದ ಟ್ಯಾಂಕ್ ಆಗುತ್ತದೆ. ಮೀನು ಅಂದರೆ ಗಪ್ಪಿ, ಎಂಡ್ಲರ್, ಪ್ಲಾಟಿ. ಹಿಂದೆ ವ್ಯಾಲಿಸ್ನೇರಿಯಾ ಸಾಲು, ಮೂಲೆಯಲ್ಲಿ ಹಾರ್ನ್‌ವರ್ಟ್ ಗೊಂಚಲು, ಮುಂದೆ ಕಲ್ಲಿಗೆ ಕಟ್ಟಿದ ಅನುಬಿಯಾಸ್ ನಾನಾ. ಮರಿ ಹಾಕುವ ಮೀನಿಗೆ ಹಾರ್ನ್‌ವರ್ಟ್ ಬಿಟ್ಟರೆ ಬೇರೆ ಗಿಡವೇ ಬೇಡ ಅನ್ನಿಸುತ್ತದೆ. ಹುಟ್ಟಿದ ಮರಿ ನೇರ ಅದರೊಳಗೆ ನುಗ್ಗಿ ಕೂರುತ್ತದೆ. ತಿನ್ನಲು ಬರುವ ತಾಯಿಗೆ ಒಳಗೆ ಹೋಗಲು ಜಾಗವಿಲ್ಲ.

ಎರಡು ಎಚ್ಚರಿಕೆ. ಗಿಡಕ್ಕೆ ಲಿಕ್ವಿಡ್ ಕಾರ್ಬನ್ ಅಂತ ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕ. ವ್ಯಾಲಿಸ್ನೇರಿಯಾ ಮತ್ತು ಹಾರ್ನ್‌ವರ್ಟ್‌ಗೆ ಅದು ಆಗುವುದಿಲ್ಲ, ಕರಗುತ್ತವೆ. ಮೀನಿಗೆ ಹುಷಾರಿಲ್ಲ ಅಂತ ಟ್ಯಾಂಕಿಗೆ ಕಲ್ಲುಪ್ಪು ಸುರಿದರೂ ಮೊದಲು ಬಾಡುವುದು ಇಂಥ ಗಿಡಗಳೇ. ಉಪ್ಪಿನ ಚಿಕಿತ್ಸೆ ಬೇಕಾದರೆ ಮೀನನ್ನು ಬೇರೆ ಬಕೆಟ್‌ಗೆ ತೆಗೆದು ಮಾಡಿ.

ಕುಡ್ಲದ ಬಾವಿ:

ನಮ್ಮದು ಉಲ್ಟಾ ಕತೆ ಮಾರಾಯ್ರೇ. ಮಂಗಳೂರಿನ ಹತ್ತಿರ, ಕೆಂಪುಕಲ್ಲಿನ ಬಾವಿ. ಟಿಡಿಎಸ್ 50 ದಾಟುವುದಿಲ್ಲ. ಪಿಎಚ್ 6ರ ಹತ್ತಿರ. ಇಲ್ಲಿ ಗಪ್ಪಿ, ಮೋಲಿ ತಂದರೆ ರೆಕ್ಕೆ ಮುದುಡಿಕೊಂಡು ಒಂದು ಕಡೆ ನಿಲ್ಲುತ್ತವೆ. ಬಸವನಹುಳದ ಚಿಪ್ಪು ಕೂಡ ತೂತು ಬೀಳುತ್ತದೆ. ಆದರೆ ಕ್ರಿಪ್ಟ್ ವೆಂಟಿಐ (ಕ್ರಿಪ್ಟೊಕೊರೈನ್‌ನ ಒಂದು ಬಗೆ) ಒಂದು ಬುಡ ನೆಟ್ಟಿದ್ದು ಈಗ ಟ್ಯಾಂಕಿನ ಅರ್ಧ ಹಬ್ಬಿದೆ. ಹಾರ್ಲೆಕ್ವಿನ್, ಎಂಬರ್ ಟೆಟ್ರಾ ಎರಡೂ ಆರಾಮ. ಒಣಗಿದ ಕಾಡು ಬಾದಾಮಿ ಎಲೆ ಹಾಕುತ್ತೇನೆ, ನೀರು ತಿಳಿ ಚಹಾದ ಬಣ್ಣಕ್ಕೆ ಬಂದ ಮೇಲೆ ಎಂಬರ್‌ನ ಕೆಂಪು ನೋಡಬೇಕು ನೀವು.

ಒಂದೇ ಚಿಂತೆ. ಪಿಎಚ್ ಕೆಲವೊಮ್ಮೆ ಇನ್ನೂ ಕೆಳಗೆ ಇಳಿಯುತ್ತದೆ. ಏನು ಮಾಡಲಿ?

ನೀರುಗಂಟಿ:

ನಿಮ್ಮ ನೀರು ಸಿಗಲಿ ಅಂತ ಬೆಂಗಳೂರಿನವರು ಆಸೆಪಡುತ್ತಾರೆ! ನಿಮ್ಮ ನೀರಿನಲ್ಲಿ ಹುಳಿ ತಡೆಯುವ ಬೈಕಾರ್ಬೊನೇಟ್ ತೀರಾ ಕಡಿಮೆ. ಮೀನಿನ ಗಲೀಜು, ಕೊಳೆತ ಎಲೆ, ಫಿಲ್ಟರ್‌ನ ಬ್ಯಾಕ್ಟೀರಿಯಾ ಎಲ್ಲ ಸೇರಿ ಹುಳಿ ಏರಿಸುತ್ತಾ ಹೋಗುತ್ತವೆ. ತಡೆಯುವವರು ಯಾರೂ ಇಲ್ಲ. ಪಿಎಚ್ 6ಕ್ಕಿಂತ ತೀರಾ ಕೆಳಗೆ ಹೋದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂಡ ನಿಧಾನವಾಗುತ್ತವೆ.

ನಿಮ್ಮ ಊರಿನಲ್ಲಿ ಮದ್ದು ಸುಲಭ. ಮರುವಾಯಿ ಚಿಪ್ಪು. ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ನಾಲ್ಕೈದು ಚಿಪ್ಪು ಪುಡಿ ಮಾಡಿ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ. ನೀರು ಹುಳಿಯಾದಷ್ಟು ಮಾತ್ರ ಚಿಪ್ಪು ಕರಗುತ್ತದೆ. ಕಡಿಮೆಯಿಂದ ಶುರು ಮಾಡಿ, ಎಂಬರ್‌ಗೂ ಕ್ರಿಪ್ಟ್‌ಗೂ ಗಡಸು ನೀರು ಬೇಕಾಗಿಲ್ಲ.

ಬಿಸಿಲೂರು:

ನಮಸ್ಕಾರ್ರಿ. ಕಲಬುರಗಿ. ನೀರಿನ ಮಾತು ಆಯಿತು, ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 42 ಡಿಗ್ರಿ. ಟ್ಯಾಂಕ್ ನೀರು 32 ಮುಟ್ಟುತ್ತದೆ. ಚಿಲ್ಲರ್ ಕೊಳ್ಳುವ ಶಕ್ತಿ ಇಲ್ಲರಿ. ಗಿಡದ ಟ್ಯಾಂಕ್ ನಮ್ಮ ಕಡೆ ಆಗುವುದೇ ಇಲ್ಲೇನು?

ರಾಸ್ಬೋರಾ ರಾಯರು:

ಯಾಕಾಗುವುದಿಲ್ಲ ಸಾರ್? ಆಗುತ್ತದೆ. ಮೀನು ಆರಿಸುವುದರಲ್ಲೇ ಇದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 32 ಡಿಗ್ರಿಗೆ ಅದು 7.3ರ ಹತ್ತಿರಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಯಲ್ಲಿ ಮೀನಿಗೆ ಉಸಿರು ಜಾಸ್ತಿ ಬೇಕು. ಹಾಗಾಗಿ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಮೀನು ತನ್ನಿ. ಹನಿ ಗೌರಾಮಿ ಚಿಕ್ಕದು, ಸಾಧು, ಎರಡಿಂಚು ಬೆಳೆಯುತ್ತದೆ. ಇಲ್ಲದಿದ್ದರೆ ಒಂದೇ ಒಂದು ಬೆಟ್ಟಾ. ನಿಯಾನ್ ಬೇಡ, ಅದು 26 ಡಿಗ್ರಿಯ ಒಳಗೆ ಸುಖವಾಗಿರುವ ಮೀನು. ಅಂಗಡಿಯವರು ಎಷ್ಟು ಹೇಳಿದರೂ ವೈಟ್ ಕ್ಲೌಡ್ ಅಂತೂ ಬೇಡವೇ ಬೇಡ, ಅದಕ್ಕೆ ಇನ್ನೂ ತಂಪು ಬೇಕು.

ಗೌರಾಮಿಗೆ ತೇಲುವ ಗಿಡ ಇರಲೇಬೇಕು. ಗಂಡು ಗುಳ್ಳೆಗೂಡು ಕಟ್ಟುವುದು ಅದರ ಆಸರೆಯಲ್ಲಿ. ವಾಟರ್ ಸ್ಪ್ರೈಟ್ ತೇಲಿಬಿಡಿ, ಬೇರು ಇಳಿಬಿದ್ದು ಕೆಳಗೆ ನೆರಳೂ ಆಗುತ್ತದೆ. ಆದರೆ ಮೇಲ್ಮೈ ಪೂರ್ತಿ ಮುಚ್ಚಲು ಬಿಡಬೇಡಿ, ಮೀನು ಗಾಳಿಗೆ ಬರಬೇಕಲ್ಲ. ಏರ್ ಪಂಪಿನ ಪೈಪ್ ಒಂದಡಿ ಕತ್ತರಿಸಿ, ಎರಡು ತುದಿ ಸೇರಿಸಿ ಉಂಗುರ ಮಾಡಿ ನೀರಿನ ಮೇಲೆ ಬಿಡಿ. ಉಂಗುರದೊಳಗೆ ಗಿಡ ಬರುವುದಿಲ್ಲ. ಊಟವನ್ನೂ ಅಲ್ಲೇ ಹಾಕಿ.

ನೀರುಗಂಟಿ:

ಕಲಬುರಗಿಯವರಿಗೆ ಒಂದು ಅನುಕೂಲ ಇದೆ. ಒಣ ಹವೆ. ಟ್ಯಾಂಕಿನ ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಒಂದು ಪುಟ್ಟ ಫ್ಯಾನ್ ಇಡಿ. ನೀರು ಆವಿಯಾಗುತ್ತಾ 2-3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಜಿಗುಟು ಹವೆಯಲ್ಲಿ ಇದೇ ಉಪಾಯ ಅಷ್ಟು ಫಲ ಕೊಡುವುದಿಲ್ಲ. ಒಂದೇ ವಿಷಯ ನೆನಪಿಡಿ. ಆವಿಯಾಗುವುದು ಬರಿ ನೀರು, ಸುಣ್ಣ ಉಪ್ಪು ಒಳಗೇ ಉಳಿಯುತ್ತವೆ. ಕಡಿಮೆಯಾದ ನೀರಿಗೆ ಮತ್ತೆ ಬೋರ್‌ವೆಲ್ ನೀರನ್ನೇ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಹೋಗುತ್ತದೆ. ತುಂಬಿಸಲು ಆರ್‌ಒ ನೀರು ಬಳಸಿ. ವಾರದ ಬದಲಾವಣೆ ಬೇರೆ, ಇದು ಬೇರೆ.

ಗಿಡದಲ್ಲಿ ವ್ಯಾಲಿಸ್ನೇರಿಯಾ, ವಾಟರ್ ವಿಸ್ಟೀರಿಯಾ, ಹೈಗ್ರೊಫಿಲಾ ಪಾಲಿಸ್ಪರ್ಮಾ ನಮ್ಮ ದೇಶದ್ದೇ, ಬಿಸಿ ತಡೆಯುತ್ತವೆ. ಮಾಸ್ (ಹಾವಸೆ) ಜಾತಿಗಳು ಬೇಸಿಗೆಯಲ್ಲಿ ಸೊರಗುತ್ತವೆ. ಮತ್ತೆ, ರಾತ್ರಿ ಗಿಡ ಕೂಡ ಆಮ್ಲಜನಕವನ್ನೇ ಉಸಿರಾಡುತ್ತದೆ. ಗಿಡ ಜಾಸ್ತಿ ಇದ್ದಷ್ಟೂ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಏರ್ ಪಂಪ್ ರಾತ್ರಿ ಓಡಲೇಬೇಕು.

ಹಳ್ಳದ ಹಾದಿ:

ಶಿರಸಿ ಕಡೆಯವನು. ನಾವೆಲ್ಲ ಬ್ರೆಜಿಲ್ ಮೀನು, ಇಂಡೋನೇಷ್ಯಾ ಗಿಡ ಅಂತ ಓಡುತ್ತೇವೆ. ನಮ್ಮ ಗದ್ದೆ ಕಾಲುವೆ ನೋಡಿದ್ದೀರಾ? ತಲೆ ಮೇಲೆ ಒಂದು ಬೆಳ್ಳಿ ಚುಕ್ಕೆ ಹೊಳೆಯುವ ಮೀನು ಇರುತ್ತದೆ. ನೀರಿನ ಮೇಲ್ಮೈಗೆ ಅಂಟಿಕೊಂಡು ಅಲ್ಲಾಡದೆ ನಿಂತಿರುತ್ತದೆ, ಸೊಳ್ಳೆ ಮರಿ ಬಂದರೆ ಒಂದೇ ನೆಗೆತ. ಪ್ಯಾಂಚಾಕ್ಸ್ ಅಂತಾರೆ. ಅದು ಮೊಟ್ಟೆ ಇಡುವುದು ತೇಲುವ ಗಿಡದ ಬೇರಿಗೆ, ಒಂದೊಂದೇ ಅಂಟಿಸುತ್ತಾ ಹೋಗುತ್ತದೆ. ಅಂತರಗಂಗೆಯ ಬೇರನ್ನು ಬೆಳಕಿಗೆ ಹಿಡಿದರೆ ಸಾಸಿವೆಯಂಥ ಸಣ್ಣ ಮಣಿಗಳು ಕಾಣುತ್ತವೆ. ಕೆಲವು ದಿನ ಕಳೆದ ಮೊಟ್ಟೆಯಾದರೆ ಒಳಗೆ ಎರಡು ಕಪ್ಪು ಕಣ್ಣು ಕೂಡ.

ಗಿಡದಲ್ಲೂ ಅಷ್ಟೇ. ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್, ಲ್ಯಾಜನಾಂಡ್ರಾ, ಅಪೊನೊಜಿಟಾನ್ ಎಲ್ಲ ನಮ್ಮ ಕಡೆಯವೇ. ಜಗತ್ತಿನವರು ಕೆಂಪು ಗಿಡ ಅಂತ ಮುಗಿಬೀಳುವ ರೊಟಾಲಾ ಮಕ್ರಾಂಡ್ರಾ ಪಶ್ಚಿಮ ಘಟ್ಟದ್ದು. ನಮ್ಮ ನೀರಿನಲ್ಲಿ ನಮ್ಮ ಮೀನು, ನಮ್ಮ ಗಿಡ ಇಟ್ಟು ನೋಡಿ. ಹೀಟರ್ ಬೇಡ, ಔಷಧಿ ಬೇಡ.

ಹತ್ತನೇ ಮಹಡಿ:

ಹಾಗಾದರೆ ಮುಂದಿನ ರಜೆಗೆ ಘಟ್ಟದ ಕಡೆ ಬಂದಾಗ ಹಿಡಿದು ತರಬಹುದಾ?

ಹಳ್ಳದ ಹಾದಿ:

ಅಕ್ಕಾ, ದಯವಿಟ್ಟು ಕಾಡಿನ ಹಳ್ಳದಿಂದ ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಗಿಡ, ಮೀನು ಏನನ್ನೂ ತೆಗೆಯುವಂತಿಲ್ಲ, ಅಪರಾಧ. ಹೊರಗೆ ಕೂಡ ಘಟ್ಟದ ಎಷ್ಟೋ ಮೀನು ಒಂದೆರಡು ನದಿಯಲ್ಲಿ ಮಾತ್ರ ಇರುವಂಥವು. ಡೆನಿಸನ್ ಬಾರ್ಬ್ ಗತಿ ಏನಾಯಿತು ನೋಡಿ. ಕೆಂಪು ಗೆರೆಯ ಆ ಮೀನಿಗೆ ಹೊರದೇಶದಲ್ಲಿ ಬೇಡಿಕೆ ಬಂತು, ಹೊಳೆಯಿಂದ ಬಲೆಗಟ್ಟಲೆ ಹಿಡಿದರು. ಈಗ ಅದು ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಪುಟಾಣಿ ಪೀ ಪಫರ್ ಕೂಡ ಹೀಗೇ ಪಟ್ಟಿ ಸೇರಿದೆ. ಪ್ಯಾಂಚಾಕ್ಸ್, ಹನಿ ಗೌರಾಮಿ ಇಂಥವನ್ನು ಮನೆಯಲ್ಲೇ ಮರಿ ಮಾಡಿಸಿ ಕೊಡುವವರಿದ್ದಾರೆ, ಅಂಥವರ ಹತ್ತಿರ ತನ್ನಿ. ಪ್ಯಾಂಚಾಕ್ಸ್ ತಂದರೆ ಮುಚ್ಚಳ ಗಟ್ಟಿಯಾಗಿರಲಿ, ತುಂಬ ಜಿಗಿಯುತ್ತದೆ. ಅದರ ಬಾಯಿಗೆ ಹಿಡಿಯುವಷ್ಟು ಚಿಕ್ಕ ಮೀನನ್ನು ಜೊತೆಗೆ ಬಿಡಬೇಡಿ. ಎಂಬರ್ ಟೆಟ್ರಾ ನುಂಗಿಬಿಡುತ್ತದೆ.

ಇನ್ನೊಂದು ಕಡೆಯೂ ಯೋಚಿಸಿ. ಟ್ರಿಮ್ ಮಾಡಿದ ಗಿಡ, ಬೇಡವಾದ ಮೀನು ಕೆರೆಗೆ ಬಿಡಬೇಡಿ. ಗಿಡವನ್ನು ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ. ಟ್ಯಾಂಕ್ ಕ್ಲೀನರ್ ಅಂತ ಮಾರುವ ಸಕ್ಕರ್ ಮೀನು ನಮ್ಮ ಕೆರೆ, ನದಿಗಳಿಗೆ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಬಿಟ್ಟವರು ನಮ್ಮಂಥವರೇ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಸ್ಪಾಂಜ್ ಸಾಕು:

ಗಿಡ ತುಂಬ ಇದ್ದರೆ ಫಿಲ್ಟರ್ ಬೇಕೇ ಇಲ್ಲ ಅಂತ ಹಲವರು ಹೇಳುತ್ತಾರೆ. ಗಿಡವೇ ಅಮೋನಿಯಾ ಹೀರಿಕೊಳ್ಳುತ್ತದೆ ಅಲ್ವಾ? ಸುಮ್ನೆ ಕರೆಂಟ್ ದಂಡ ಯಾಕೆ?

ನೀರುಗಂಟಿ:

ಹೀರಿಕೊಳ್ಳುತ್ತದೆ, ನಿಜ. ನೈಟ್ರೇಟ್‌ಗಿಂತ ಅಮೋನಿಯಂ ಅನ್ನೇ ಮೊದಲು ತೆಗೆದುಕೊಳ್ಳುವ ನೀರುಗಿಡಗಳು ಎಷ್ಟೋ ಇವೆ. ಆದರೆ ಅದು ಬೆಳೆಯುತ್ತಿರುವ ಗಿಡದ ಮಾತು. ಹೊಸದಾಗಿ ತಂದ ಗಿಡ ಬಹುತೇಕ ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದದ್ದು. ಟ್ಯಾಂಕಿಗೆ ಬಂದ ಮೇಲೆ ಆ ಹಳೆ ಎಲೆ ಕೊಳೆತು ಹೋಗಿ ನೀರೊಳಗಿನ ಹೊಸ ಎಲೆ ಬರಬೇಕು. ಆ ಸಮಯದಲ್ಲಿ ಗಿಡ ಅಮೋನಿಯಾ ತೆಗೆಯುವುದಿರಲಿ, ತಾನೇ ಕೊಳೆತು ಸೇರಿಸುತ್ತಿರುತ್ತದೆ. ಅನುಬಿಯಾಸ್, ಜಾವಾ ಫರ್ನ್ ಅಂತೂ ಬೆಳೆಯುವುದೇ ನಿಧಾನ, ಅವನ್ನು ನಂಬಿ ಫಿಲ್ಟರ್ ತೆಗೆಯಲಾಗದು. ನನ್ನ ಪ್ರಕಾರ ಒಂದು ಸ್ಪಾಂಜ್ ಫಿಲ್ಟರ್ ಇರಲೇಬೇಕು. ಕರೆಂಟ್ ಖರ್ಚು ಒಂದೆರಡು ಬಲ್ಬಿನಷ್ಟೂ ಇಲ್ಲ. ಚಿಕ್ಕ ಮೀನಿಗೆ ಅದೇ ಸರಿ, ಮರಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ.

ರಾಸ್ಬೋರಾ ರಾಯರು:

ಇದರಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಟ್ಯಾಂಕ್ ಹಳೆಯದಾಗಿ, ಹಾರ್ನ್‌ವರ್ಟ್, ಗಪ್ಪಿ ಗ್ರಾಸ್ ಥರ ಬೇಗ ಬೆಳೆಯುವ ಗಿಡ ತುಂಬಿ, ಮೀನು ಕಡಿಮೆ ಇದ್ದರೆ ಫಿಲ್ಟರ್ ಇಲ್ಲದೆಯೂ ನಡೆಯುತ್ತದೆ. ಬೆಟ್ಟಾಗೆ ಅದೇ ಇಷ್ಟ, ಅಲೆಯೇ ಇರುವುದಿಲ್ಲ. ಆದರೆ ಹೊಸಬರು ಅಲ್ಲಿಂದ ಶುರು ಮಾಡಬಾರದು, ಅದನ್ನು ಒಪ್ಪುತ್ತೇನೆ.

ಹತ್ತನೇ ಮಹಡಿ:

ಎಲ್ಲರಿಗೂ ಧನ್ಯವಾದ. ತೋಟದ ನಲ್ಲಿಯಲ್ಲಿ ಸಾಫ್ಟ್‌ನರ್ ಮುಂಚಿನ ನೀರೇ ಬರುತ್ತದಂತೆ, ವಿಚಾರಿಸಿದೆ. ಅರ್ಧ ಆರ್‌ಒ ಸೇರಿಸಿ ಅಳೆದೆ, ಟಿಡಿಎಸ್ 340 ಬಂತು. ಯೋಜನೆ ಹೀಗಿದೆ. ಹಿಂದೆ ವ್ಯಾಲಿಸ್ನೇರಿಯಾ, ನಡುವೆ ಕ್ರಿಪ್ಟ್ ವೆಂಟಿಐ, ಕಟ್ಟಿಗೆಗೆ ಜಾವಾ ಫರ್ನ್. ಮೀನು: ಚೆರಿ ಬಾರ್ಬ್ ಒಂದು ಗುಂಪು, ಕೆಳಗೆ ಪಿಗ್ಮಿ ಕೋರಿಡೋರಾಸ್. ಮಗಳು ರೋಸಿ ಬಾರ್ಬ್ ಕೂಡ ಕೇಳುತ್ತಿದ್ದಾಳೆ. ಸರಿಯಿದೆಯಾ?

ನೀರುಗಂಟಿ:

ರೋಸಿ ಬಾರ್ಬ್ ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಅದು ದೊಡ್ಡದಾಗುತ್ತದೆ, ಮೆತ್ತನೆ ಚಿಗುರನ್ನು ಕಡಿದು ಹಾಕುತ್ತದೆ, ಎರಡಡಿ ಸಾಲುವುದಿಲ್ಲ. ಮಗಳಿಗೆ ಕೆಂಪು ಬೇಕಾದರೆ ಚೆರಿ ಬಾರ್ಬ್‌ನ ಗಂಡು ಸಾಕು, ಗಿಡದ ನೆರಳಿರುವ ಟ್ಯಾಂಕಿನಲ್ಲಿ ಬಣ್ಣ ಇನ್ನೂ ಏರುತ್ತದೆ. ಒಂದು ಗಂಡಿಗೆ ಎರಡು ಹೆಣ್ಣು ಇರಲಿ.

ಕೋರಿಡೋರಾಸ್‌ಗೆ ಚೂಪು ಜಲ್ಲಿ ಬೇಡ, ನುಣ್ಣನೆ ಮರಳು. ಮೀಸೆ ಸವೆದರೆ ಊಟ ಹುಡುಕಲು ಕಷ್ಟ. ಅವನ್ನು ಎಲ್ಲಕ್ಕಿಂತ ಕೊನೆಗೆ ಬಿಡಿ, ಮೀನು ಬಿಡುವಾಗ ಅಂಗಡಿಯ ನೀರಿಗೂ ನಿಮ್ಮ ನೀರಿಗೂ ನಿಧಾನವಾಗಿ ಹೊಂದಿಸಿ. ಬಕೆಟ್‌ಗೆ ಪೈಪಿನಿಂದ ಹನಿ ಹನಿಯಾಗಿ ಟ್ಯಾಂಕ್ ನೀರು ಬೀಳಿಸಿದರೆ ಆಯಿತು. ಆರ್‌ಒ ಆಗದ ಅರ್ಧ ನೀರಿಗೆ ಟ್ಯಾಂಕರ್‌ನಲ್ಲಿ ಕ್ಲೋರಿನ್ ಹಾಕಿರಬಹುದು, ಆಂಟಿ ಕ್ಲೋರಿನ್ ಮರೆಯಬೇಡಿ.

ಜಾವಾ ಫರ್ನ್‌ನ ದಪ್ಪ ಕಾಂಡವನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಟ್ಟಿಗೆಗೆ ಹತ್ತಿ ದಾರದಲ್ಲಿ ಕಟ್ಟಿ, ಇಲ್ಲ ಎರಡು ಹನಿ ಫೆವಿಕ್ವಿಕ್ ಹಾಕಿ ಅಂಟಿಸಿ, ಒಣಗಿದ ಮೇಲೆ ಮೀನಿಗೇನೂ ಆಗುವುದಿಲ್ಲ. ಅದರ ಹಳೆ ಎಲೆಯ ಅಡಿಯಲ್ಲಿ ಕಪ್ಪು ಚುಕ್ಕೆ ಸಾಲು ಬಂದರೆ ಗಾಬರಿಯಾಗಿ ಕತ್ತರಿಸಬೇಡಿ, ಮರಿಗಿಡ ಹಳೆ ಎಲೆಯ ಮೇಲೇ ಬರುತ್ತದೆ. ಲೈಟ್ ದಿನಕ್ಕೆ 6 ಗಂಟೆಯಿಂದ ಶುರು ಮಾಡಿ. ಕ್ರಿಪ್ಟ್ ನೆಟ್ಟ ಮೇಲೆ ಎಲೆ ಕರಗಿದರೂ ಬೇರು ಕೀಳಬೇಡಿ. ಬುಡ ಗಟ್ಟಿಯಿದ್ದರೆ ಚಿಗುರುತ್ತದೆ. ಹೊಸ ಎಲೆ ಬಂದಾಗ ಒಂದು ಫೋಟೊ ಹಾಕಿ, ಮೀನು ಯಾವಾಗ ಬಿಡಬೇಕು ಅಂತ ಆಗ ನೋಡೋಣ.